ಉಳಿ ಹಿಡಿದ ಕೈ, ಪತ್ರಿಕೆ ನಡೆಸಿದ ಕೈ

(ಕಾರ್ಮಿಕರ ಅಭ್ಯಾಸ ಕೂಟದಲ್ಲಿ ಮಾಡಿದ ಭಾಷಣ)

ಈ ಸಂಜೆ ನಾನು ಮಾತಾಡಬೇಕೆಂದಿರುವುದು ಒಬ್ಬ ಮರಗೆತ್ತನೆಗಾರನ ವಿಷಯ. ಆತನ ಹೆಸರು ವಿಲಿಯಂ ಜೇಮ್ಸ್ ಲಿಂಟನ್. ಇಂಗ್ಲೆಂಡಿನವನು. 1812ರಲ್ಲಿ ಹುಟ್ಟಿದ, 1897ರಲ್ಲಿ ತೀರಿಕೊಂಡ. ಆತ ರಾಜನಲ್ಲ, ಮಂತ್ರಿಯಲ್ಲ, ದಂಡನಾಯಕನಲ್ಲ. ಅಂಗೈ ಅಗಲದ ಮರದ ತುಂಡಿನ ಮೇಲೆ ಉಳಿಯಿಂದ ಗೆರೆ ಕೊರೆದು ಹೊಟ್ಟೆ ಹೊರೆದುಕೊಂಡವನು. ಅದೇ ದುಡಿಮೆಯ ಹಣದಿಂದ ಬಡವರ ಪತ್ರಿಕೆಗಳನ್ನು ನಡೆಸಿದವನು. ದೂರದ ದೇಶದ, ಹಳೆಯ ಕಾಲದ ಈ ಮನುಷ್ಯನ ಗೊಡವೆ ನಮಗೇಕೆ ಎಂದು ನೀವು ಕೇಳಬಹುದು. ಮಗ್ಗದ ಮುಂದೆ ನಿಂತವರಿಗೂ, ತಕ್ಕಡಿ ಹಿಡಿದು ಕುಳಿತವರಿಗೂ ಒಂದು ಪ್ರಶ್ನೆ ಎಂದಾದರೂ ಎದುರಾಗಿಯೇ ಆಗುತ್ತದೆ: ನನ್ನ ಕೈಯಲ್ಲಿರುವ ಕೆಲಸಗಾರಿಕೆ ಯಾರದು? ಕೊಂಡವನದೋ, ನನ್ನದೋ? ಲಿಂಟನ್ ತನ್ನ ಎಂಬತ್ತೈದು ವರ್ಷಗಳ ಬಾಳಿನಲ್ಲಿ ಈ ಪ್ರಶ್ನೆಯ ಜೊತೆಗೇ ಗುದ್ದಾಡಿದ. ಆದುದರಿಂದ ಆತನ ಕಥೆ ನಮಗೆ ಬೇಕು.

ಮೊದಲು ಆ ಕೆಲಸ ಎಂಥದೆಂದು ತಿಳಿಯೋಣ. ಫೋಟೋವನ್ನು ನೇರವಾಗಿ ಅಚ್ಚು ಹಾಕುವ ಉಪಾಯ ಇನ್ನೂ ಹುಟ್ಟಿರದ ಕಾಲ ಅದು. ಪುಸ್ತಕದಲ್ಲಿ, ಪತ್ರಿಕೆಯಲ್ಲಿ ಒಂದು ಚಿತ್ರ ಬರಬೇಕಾದರೆ ಅದನ್ನು ಯಾರಾದರೂ ಕೈಯಿಂದಲೇ ಕೊರೆಯಬೇಕಾಗಿತ್ತು. ತಾಮ್ರದ ತಗಡಿನ ಮೇಲೆ ಕೊರೆಯಬಹುದಾಗಿತ್ತು. ಆದರೆ ತಾಮ್ರದ ಚಿತ್ರಕ್ಕೆ ಬೇರೆ ಯಂತ್ರ ಬೇಕು, ಬೇರೆ ಕಾಗದ ಬೇಕು. ಖರ್ಚು ಹೆಚ್ಚು, ಅದು ಸಿರಿವಂತರ ಸೊತ್ತು. ನ್ಯೂಕ್ಯಾಸಲ್ ಪಟ್ಟಣದ ತಾಮಸ್ ಬ್ಯೂಯಿಕ್ ಎಂಬ ಕೆತ್ತನೆಗಾರ ಹದಿನೆಂಟನೆಯ ಶತಮಾನದ ಕೊನೆಗೆ ಮರಗೆತ್ತನೆಯನ್ನು ಹೊಸ ದಾರಿಗೆ ಹಚ್ಚಿದ. ಹಿಂದಿನವರು ಮರವನ್ನು ಹಲಗೆಯಾಗಿ ಉದ್ದಕ್ಕೆ ಸೀಳಿ ಚಾಕುವಿನಿಂದ ಕೊರೆಯುತ್ತಿದ್ದರು. ಬ್ಯೂಯಿಕ್ ಬಾಕ್ಸ್‌ವುಡ್ ಎಂಬ ಗಟ್ಟಿಮರವನ್ನು ಸೌತೆಕಾಯಿ ಹೆಚ್ಚಿದಂತೆ ಅಡ್ಡಲಾಗಿ ಬಿಲ್ಲೆ ಮಾಡಿ, ಆ ನುಣುಪಾದ ಮುಖದ ಮೇಲೆ ಲೋಹ ಕೊರೆಯುವ ಚೂಪು ಉಳಿಯನ್ನು ಓಡಿಸಿದ. ಕೂದಲೆಳೆಯಷ್ಟು ಸಣ್ಣ ಗೆರೆಯೂ ಅದರಲ್ಲಿ ನಿಲ್ಲುತ್ತಿತ್ತು. ಉಳಿ ಹೋದಲ್ಲಿ ಬಿಳಿ, ಉಳಿ ಬಿಟ್ಟಲ್ಲಿ ಕಪ್ಪು. ಆತನ ಪ್ರಾಣಿಗಳ ಪುಸ್ತಕ 1790ರಲ್ಲಿಯೂ ಹಕ್ಕಿಗಳ ಪುಸ್ತಕ 1797 ಮತ್ತು 1804ರಲ್ಲಿ ಎರಡು ಭಾಗವಾಗಿಯೂ ಹೊರಬಂದವು.

ಈ ಬಿಲ್ಲೆಯ ದಪ್ಪವನ್ನು ಅಚ್ಚಿನ ಮೊಳೆಯ ಎತ್ತರಕ್ಕೆ ಸರಿಮಾಡಿದರೆ ಅಕ್ಷರವನ್ನೂ ಚಿತ್ರವನ್ನೂ ಒಂದೇ ಚೌಕಟ್ಟಿನಲ್ಲಿ ಬಿಗಿದು, ಒಂದೇ ಯಂತ್ರದಲ್ಲಿ, ಒಂದೇ ಸಲಕ್ಕೆ ಅಚ್ಚು ಹಾಕಬಹುದು. ನಮ್ಮ ಊರುಗಳ ಅಚ್ಚುಕೂಟಗಳಲ್ಲಿ ಮೊಳೆ ಜೋಡಿಸುವ ಕಾಲ ಇದ್ದಷ್ಟು ದಿನವೂ ಚಿತ್ರ ಬೇಕೆಂದರೆ ‘ಬ್ಲಾಕ್ ಮಾಡಿಸಿ ತನ್ನಿ’ ಎನ್ನುತ್ತಿದ್ದರು. ಆ ಬ್ಲಾಕು ಸತುವಿನ ತಗಡಿನದಾದರೂ ಅದರ ಪೂರ್ವಿಕ ಈ ಮರದ ಬಿಲ್ಲೆಯೇ. ಇದರ ಫಲವಾಗಿ ಚಿತ್ರ ಅಗ್ಗವಾಯಿತು. 1832ರಲ್ಲಿ ಲಂಡನ್ನಿನಲ್ಲಿ ಒಂದು ಪೆನ್ನಿಯ ಬೆಲೆಗೆ ‘ಪೆನ್ನಿ ಮ್ಯಾಗಜೀನ್’ ಎಂಬ ಚಿತ್ರವಾರಪತ್ರಿಕೆ ಹುಟ್ಟಿತು. ಆರಂಭದ ದಿನಗಳಲ್ಲಿಯೇ ಅದರ ಪ್ರತಿಗಳು 2 ಲಕ್ಷದವರೆಗೆ ಹೋದವು. ಕೂಲಿಕಾರನ ಮನೆಗೆ ಚಿತ್ರ ಕಾಲಿಟ್ಟದ್ದು ಹೀಗೆ.

ಈ ಅಲೆ ಏಳುತ್ತಿದ್ದಾಗಲೇ, 1828ರಲ್ಲಿ, ಲಂಡನ್ನಿನ ಪೂರ್ವಭಾಗದಲ್ಲಿ ಹುಟ್ಟಿದ ಹುಡುಗ ಲಿಂಟನ್ ಜಾರ್ಜ್ ಬಾನರ್ ಎಂಬ ಕೆತ್ತನೆಗಾರನ ಕೈಕೆಳಗೆ ಕೆಲಸ ಕಲಿಯಲು ಸೇರಿದ. ಚರ್ಮದ ಮರಳುಚೀಲದ ಮೇಲೆ ಬಿಲ್ಲೆಯನ್ನಿಟ್ಟು, ಎಡಗೈಯಿಂದ ಅದನ್ನು ತಿರುಗಿಸುತ್ತ, ಬಲಗೈಯ ಉಳಿಯನ್ನು ಮುಂದಕ್ಕೆ ತಳ್ಳುವ ಕೆಲಸ. ರಾತ್ರಿ ದುಡಿಯುವಾಗ ನೀರು ತುಂಬಿದ ಗಾಜಿನ ಬುರುಡೆಯೊಂದನ್ನು ದೀಪದ ಮುಂದಿಟ್ಟು, ಅದರಿಂದ ಹಾದ ಬೆಳಕು ಬಿಲ್ಲೆಯ ಮೇಲೆ ಚುಕ್ಕೆಯಾಗಿ ಬೀಳುವಂತೆ ಮಾಡಿಕೊಳ್ಳುವುದು ಈ ಕಸುಬಿನವರ ವಾಡಿಕೆ. ಒಂದು ಗೆರೆ ಜಾರಿದರೆ ಇಡೀ ದಿನದ ದುಡಿಮೆ ಮಣ್ಣುಪಾಲು. ಬಣ್ಣದ ಚಿತ್ರವಾದರೆ ತಪ್ಪಿನ ಮೇಲೆ ಬಣ್ಣ ಬಳಿಯಬಹುದು. ಕೊರೆದ ಮರವನ್ನು ಮತ್ತೆ ತುಂಬುವುದು ಸುಲಭವಲ್ಲ.

ಉಳಿಯ ಕೆಲಸ ಕಲಿತ ತರುಣನಿಗೆ ಇನ್ನೊಂದು ಶಾಲೆಯೂ ದೊರೆಯಿತು. ಅದು ಹೆನ್ರಿ ಹೆದರಿಂಗ್ಟನ್, ಜೇಮ್ಸ್ ವಾಟ್ಸನ್ ಎಂಬ ಬಡ ಮುದ್ರಕ-ಪ್ರಕಾಶಕರ ಬಳಗ. ಆಗ ಇಂಗ್ಲೆಂಡಿನಲ್ಲಿ ಪ್ರತಿಯೊಂದು ವೃತ್ತಪತ್ರಿಕೆಯ ಮೇಲೂ ನಾಲ್ಕು ಪೆನ್ನಿ ಸ್ಟಾಂಪ್ ತೆರಿಗೆ ಇತ್ತು. ಬಡವನು ಸುದ್ದಿ ಓದಬಾರದು ಎಂಬುದೇ ಆ ತೆರಿಗೆಯ ತಿರುಳು. ಹೆದರಿಂಗ್ಟನ್ ಸ್ಟಾಂಪಿಲ್ಲದೆ ಪತ್ರಿಕೆ ಹೊರಡಿಸಿದ, ಮತ್ತೆ ಮತ್ತೆ ಸೆರೆಮನೆಗೆ ಹೋದ. 1836ರಲ್ಲಿ ತೆರಿಗೆ ಒಂದು ಪೆನ್ನಿಗೆ ಇಳಿಯಿತು. 1855ರಲ್ಲಿ ಪೂರ್ತಿಯಾಗಿ ಹೋಯಿತು. ಇಂಥವರ ಒಡನಾಟದಲ್ಲಿ ಲಿಂಟನ್ ಚಾರ್ಟಿಸ್ಟರ ಚಳವಳಿಗೆ ಬಂದ. 1838ರಲ್ಲಿ ಹೊರಟ ಆ ಚಾರ್ಟರಿನ ಬೇಡಿಕೆಗಳೇನು? ಎಲ್ಲ ಗಂಡಸರಿಗೂ ಮತ, ಗುಟ್ಟಿನ ಮತದಾನ, ಆಸ್ತಿಯಿಲ್ಲದವನಿಗೂ ಸಂಸತ್ತಿಗೆ ನಿಲ್ಲುವ ಹಕ್ಕು, ಸದಸ್ಯರಿಗೆ ಸಂಬಳ, ಸಮನಾದ ಮತಕ್ಷೇತ್ರಗಳು, ವರ್ಷಕ್ಕೊಮ್ಮೆ ಚುನಾವಣೆ. 1842ರ ಮನವಿಗೆ 33 ಲಕ್ಷಕ್ಕೂ ಮಿಕ್ಕಿ ಜನ ರುಜು ಹಾಕಿದರು. ಸಂಸತ್ತು ಅದನ್ನು ತಳ್ಳಿಹಾಕಿತು. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನ ಗಂಡಸು ಹೆಂಗಸು ಎನ್ನದೆ ವಯಸ್ಕರೆಲ್ಲರಿಗೂ ಒಂದೇ ಏಟಿಗೆ ಮತ ಕೊಟ್ಟಿತು. ಹಾಗೆ ಸುಲಭವಾಗಿ ನಮ್ಮ ಕೈಗೆ ಬಂದಂತೆ ತೋರುವ ಆ ಚೀಟಿಗಾಗಿ ಜಗತ್ತಿನ ದುಡಿಯುವ ಜನ ಎಷ್ಟು ಸಲ ಬಾಗಿಲು ತಟ್ಟಿದ್ದಾರೆಂಬುದನ್ನು ಮರೆಯಬಾರದು.

1839ರಲ್ಲಿ ಲಿಂಟನ್ ‘ನ್ಯಾಷನಲ್’ ಎಂಬ ಪತ್ರಿಕೆ ಆರಂಭಿಸಿದ. ಜನಸಾಮಾನ್ಯರಿಗೆ ಅದೊಂದು ಪುಸ್ತಕಭಂಡಾರ ಆಗಬೇಕೆಂಬ ಆಸೆ. ಬಹಳ ದಿನ ಬಾಳಲಿಲ್ಲ.

ಮುಂದೆ 1842ರಲ್ಲಿ ಆತನ ಕಸುಬಿಗೆ ದೊಡ್ಡ ಸುಗ್ಗಿ ಬಂತು. ಆ ವರ್ಷ ಮೇ 14ರಂದು ‘ಇಲ್ಲಸ್ಟ್ರೇಟೆಡ್ ಲಂಡನ್ ನ್ಯೂಸ್’ ಎಂಬ ಚಿತ್ರವಾರಪತ್ರಿಕೆ ಹೊರಬಂತು. ಅದೇ ವರ್ಷ ಲಿಂಟನ್ ಜಾನ್ ಆರಿನ್ ಸ್ಮಿತ್ ಎಂಬ ಕೆತ್ತನೆಗಾರನ ಜೊತೆ ಪಾಲುದಾರನಾದ. ಇಬ್ಬರ ಅಂಗಡಿಗೂ ಆ ಪತ್ರಿಕೆಯ ಕೆಲಸ ಹರಿದುಬಂತು. ಮರುವರ್ಷವೇ ಸ್ಮಿತ್ ತೀರಿಕೊಂಡ. ಎರಡು ಸಂಸಾರಗಳ ಭಾರ ಲಿಂಟನ್ ಒಬ್ಬನ ಹೆಗಲಿಗೆ ಬಿತ್ತು.

ಆ ಪತ್ರಿಕೆಯ ಮೊದಲ ಸಂಚಿಕೆಯಲ್ಲಿ ಹ್ಯಾಂಬರ್ಗ್ ನಗರಕ್ಕೆ ಬೆಂಕಿ ಬಿದ್ದ ಚಿತ್ರವಿತ್ತು. ನೋಡಿದವರು ಬೆರಗಾದರು. ನಿಜವೇನೆಂದರೆ ಆ ಬೆಂಕಿಯನ್ನು ಅದರ ಚಿತ್ರಕಾರ ಕಂಡೇ ಇರಲಿಲ್ಲ. ಬ್ರಿಟಿಷ್ ಮ್ಯೂಸಿಯಂನಲ್ಲಿದ್ದ ಆ ಊರಿನ ಹಳೆಯ ಚಿತ್ರವೊಂದನ್ನು ನಕಲು ಮಾಡಿ, ಅದರ ಮೇಲೆ ಜ್ವಾಲೆ ಹೊಗೆಗಳನ್ನು ಬರೆದು, ದೋಣಿಗಳಲ್ಲಿ ಜನರನ್ನು ಕೂರಿಸಿದ್ದರು. ಮಾರುಕಟ್ಟೆಗೆ ಬಿಸಿಬಿಸಿ ಚಿತ್ರ ಬೇಕು. ಬೆಂಕಿ ಆರುವುದರೊಳಗೆ ಬೇಕು.

ಈ ಅವಸರ ಕೆತ್ತನೆಯ ಅಂಗಡಿಯ ಸ್ವರೂಪವನ್ನೇ ಬದಲಿಸಿತು. ಬಾಕ್ಸ್‌ವುಡ್ ಮರದ ಕಾಂಡ ಸಣ್ಣದು. ದೊಡ್ಡ ಚಿತ್ರಕ್ಕೆ ಹಲವು ತುಂಡುಗಳನ್ನು ಜೋಡಿಸಿ ಬಿಗಿಯಬೇಕು. ಕಾಲಕ್ರಮದಲ್ಲಿ ಯಜಮಾನರು ಒಂದು ಉಪಾಯ ಕಂಡುಕೊಂಡರು. ಜೋಡಿಸಿದ ಮರದ ಮೇಲೆ ಚಿತ್ರ ಬರೆಸಿದ ಕೂಡಲೇ ಅದನ್ನು ಮತ್ತೆ ಬಿಚ್ಚಿ, ತುಂಡಿಗೊಬ್ಬನಂತೆ ಕೆಲಸಗಾರರಿಗೆ ಹಂಚುವುದು. ಒಬ್ಬನ ಪಾಲಿಗೆ ಮೋಡ, ಒಬ್ಬನಿಗೆ ಕುದುರೆಯ ಕಾಲು, ಮತ್ತೊಬ್ಬನಿಗೆ ಯಾರದೋ ಅರ್ಧ ಮುಖ. ಎಲ್ಲರೂ ರಾತ್ರಿಯಿಡೀ ಕೊರೆದು ಬೆಳಗಾಗುವಾಗ ತುಂಡುಗಳನ್ನು ಒಪ್ಪಿಸಿದರೆ ಮತ್ತೆ ಬಿಗಿದು ಯಂತ್ರಕ್ಕೆ ಏರಿಸುವುದು. ತಾನು ಕೊರೆದದ್ದು ಯಾವ ಚಿತ್ರದ ತುಂಡೆಂದು ಕೊರೆದವನಿಗೆ ಪತ್ರಿಕೆ ಹೊರಬಿದ್ದ ಮೇಲೆಯೇ ಪೂರ್ತಿ ಕಾಣುವುದು. ಗಿರಣಿಯಲ್ಲಿ ನೂತವನೊಬ್ಬ, ನೇಯ್ದವನೊಬ್ಬ, ಬಣ್ಣ ಹಾಕಿದವನೊಬ್ಬ. ಸೀರೆಯ ಮೇಲೆ ಮಾತ್ರ ಮಾಲೀಕನ ಮೊಹರು. ಇದನ್ನು ನಾನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಹೆಸರಿನ ಮಾತು ಬಂದಿದ್ದರಿಂದ ಇನ್ನೊಂದು ಸಂಗತಿ. ಮರಗೆತ್ತನೆಯ ಚಿತ್ರಗಳ ಕೆಳಮೂಲೆಯಲ್ಲಿ ಕೆತ್ತಿದವನ ಹೆಸರು ಸಣ್ಣದಾಗಿ ಇರುವುದುಂಟು. ಆದರೆ ಅದು ಹೆಚ್ಚಾಗಿ ಅಂಗಡಿಯ ಯಜಮಾನನ ಹೆಸರು. ಕಣ್ಣು ಸವೆಸಿಕೊಂಡ ಆಳಿನದಲ್ಲ. ಕೈ ಕೆಸರಾದರೆ ಬಾಯಿ ಮೊಸರು ಎಂದು ಗಾದೆ. ಕೆಸರಾದ ಕೈ ಒಬ್ಬರದು, ಮೊಸರುಂಡ ಬಾಯಿ ಇನ್ನೊಬ್ಬರದು. ಲಿಂಟನ್ನನೂ ಈ ಕಟ್ಟಳೆಯಿಂದ ಪೂರ್ತಿ ಹೊರಗಿದ್ದವನೆಂದು ಹೇಳಲು ಬರುವುದಿಲ್ಲ. ಆತನೂ ಆಳುಗಳನ್ನಿಟ್ಟು ದುಡಿಸಿದ ಅಂಗಡಿಯ ಯಜಮಾನ. ಆತ ದೇವತೆ ಎಂದು ಇಲ್ಲಿ ಯಾರೂ ಕೈ ಮುಗಿಯಬೇಕಾಗಿಲ್ಲ; ಬಂದ ಹಣವನ್ನು ಆತ ಏನು ಮಾಡಿದ ಎಂಬುದನ್ನು ನೋಡಬೇಕು.

ಇಟಲಿಯ ದೇಶಭಕ್ತ ಮಾಜಿನಿ ಆಗ ಲಂಡನ್ನಿನಲ್ಲಿ ದೇಶಭ್ರಷ್ಟನಾಗಿದ್ದ. ಲಿಂಟನ್ ಆತನ ಆಪ್ತಮಿತ್ರನಾದ. 1844ರಲ್ಲಿ ಮಾಜಿನಿಗೆ ಒಂದು ಅನುಮಾನ ಹುಟ್ಟಿತು: ತನಗೆ ಬರುವ ಟಪಾಲನ್ನು ಸರ್ಕಾರ ಗುಟ್ಟಾಗಿ ಒಡೆದು ಓದುತ್ತಿದೆ. ಮಿತ್ರರು ಪರೀಕ್ಷೆಗಾಗಿ ಲಕೋಟೆಗಳೊಳಗೆ ಗಸಗಸೆ ಕಾಳು, ಮರಳಿನ ಹರಳು ಹಾಕಿ ಅಂಚೆಗೆ ಕೊಟ್ಟರು. ಲಕೋಟೆ ಕೈಸೇರಿದಾಗ ಮುದ್ರೆ ಸರಿಯಾಗಿಯೇ ಇತ್ತು. ಕಾಳುಗಳು ಮಾತ್ರ ಮಾಯ! ಮಾಜಿನಿ, ಲಿಂಟನ್, ಚಾರ್ಟರನ್ನು ಬರೆದ ಬಡಗಿ ವಿಲಿಯಂ ಲವೆಟ್ ಮೊದಲಾದವರ ದೂರನ್ನು ಸದಸ್ಯ ಡಂಕೂಂಬ್ ಸಂಸತ್ತಿನ ಮುಂದಿಟ್ಟ. ಗೃಹಮಂತ್ರಿ ಸರ್ ಜೇಮ್ಸ್ ಗ್ರಹಾಂ ಪತ್ರ ಒಡೆಯಲು ಅಪ್ಪಣೆ ಕೊಟ್ಟಿದ್ದು ಬಯಲಾಯಿತು. ದೇಶವೆಲ್ಲ ಛೀಮಾರಿ ಹಾಕಿತು. ದೊಡ್ಡ ಸರ್ಕಾರವನ್ನು ಒಂದು ಚಿಟಿಕೆ ಗಸಗಸೆ ಹಿಡಿದುಕೊಟ್ಟಿತು.

ಮರುವರ್ಷ, 1845ರಲ್ಲಿ, ಆತ ‘ಬಾಬ್ ಥಿನ್’ ಎಂಬ ವ್ಯಂಗ್ಯಕಾವ್ಯ ಬರೆದ. 1834ರ ಬಡವರ ಕಾನೂನು ಕೆಲಸವಿಲ್ಲದವರನ್ನು ಬಡವರ ಮನೆಯೆಂಬ ದೊಡ್ಡಿಗೆ ತಳ್ಳುತ್ತಿತ್ತು. ಆ ಕಾನೂನಿನ ಮೇಲೆ ಎಸೆದ ಚಿತ್ರಸಹಿತವಾದ ಕಲ್ಲು ಅದು. 1848ರಲ್ಲಿ ಪ್ಯಾರಿಸ್ಸಿನಲ್ಲಿ ಕ್ರಾಂತಿಯಾಗಿ ರಾಜ ಓಡಿಹೋದಾಗ, ಇಂಗ್ಲಿಷ್ ಕೂಲಿಕಾರರ ಅಭಿನಂದನಪತ್ರವನ್ನು ಹೊಸ ಸರ್ಕಾರಕ್ಕೆ ಒಪ್ಪಿಸಿ ಬರಲು ಹೋದವರಲ್ಲಿ ಲಿಂಟನ್ ಇದ್ದ. ಅದೇ ವರ್ಷ ಆತ ನಡೆಸಿದ ‘ಕಾಸ್ ಆಫ್ ದಿ ಪೀಪಲ್’ ಪತ್ರಿಕೆ ಮ್ಯಾನ್ ದ್ವೀಪದಲ್ಲಿ ಅಚ್ಚಾಗುತ್ತಿತ್ತು. ಯಾಕೆಂದರೆ ಆ ದ್ವೀಪದ ಪತ್ರಿಕೆಗಳಿಗೆ ಸ್ಟಾಂಪ್ ತೆರಿಗೆ ತಗಲುತ್ತಿರಲಿಲ್ಲ!

1851ರಿಂದ 1855ರವರೆಗೆ ಆತ ‘ಇಂಗ್ಲಿಷ್ ರಿಪಬ್ಲಿಕ್’ ಎಂಬ ಪತ್ರಿಕೆಯನ್ನು ನಡೆಸಿದ. ಈ ನಡುವೆ ಇಂಗ್ಲೆಂಡಿನ ಉತ್ತರದ ಕಾನಿಸ್ಟನ್ ಸರೋವರದ ದಂಡೆಯಲ್ಲಿ ಬ್ರ್ಯಾಂಟ್‌ವುಡ್ ಎಂಬ ಮನೆಯನ್ನು ಹಿಡಿದು, ಅಲ್ಲಿಯೇ ಅಚ್ಚಿನ ಯಂತ್ರ ಹಾಕಿದ. ಬರಹ ಬಹುಪಾಲು ಆತನದೇ. ಹೊಟ್ಟೆಪಾಡಿಗೆ ಕೆತ್ತನೆ, ಕೆತ್ತನೆಯ ಹಣ ಪತ್ರಿಕೆಗೆ. ಅಂಗಡಿಯ ಖಾತೆ ಬರೆಯುವವರು ನೋಡಿದರೆ ಇದು ಶುದ್ಧ ನಷ್ಟದ ವ್ಯಾಪಾರ. ಪತ್ರಿಕೆ ಎಂದೂ ತನ್ನ ಖರ್ಚನ್ನು ತಾನು ಹುಟ್ಟಿಸಲಿಲ್ಲ. ಆದರೆ ಕಿರ್ದಿಯಲ್ಲಿ ಬರೆಯಲಾಗದ ಜಮೆಯೂ ಇರುತ್ತದೆ. ಚೆಲ್ಟನ್‌ಹ್ಯಾಮ್ ಊರಿನ ವಿಲಿಯಂ ಆಡಮ್ಸ್ ಎಂಬ ಅಚ್ಚುಕೂಟದ ತರುಣ ಕೆಲಸಗಾರ ಆ ಪತ್ರಿಕೆಯನ್ನು ಓದಿ, 1854ರಲ್ಲಿ ಅದನ್ನು ಅಚ್ಚು ಹಾಕಲು ತಾನೇ ಬ್ರ್ಯಾಂಟ್‌ವುಡ್ಡಿಗೆ ಬಂದ. ಪತ್ರಿಕೆ ನಿಂತುಹೋಯಿತು, ಆಡಮ್ಸ್ ನಿಲ್ಲಲಿಲ್ಲ. ಮುಂದೆ ‘ನ್ಯೂಕ್ಯಾಸಲ್ ವೀಕ್ಲಿ ಕ್ರಾನಿಕಲ್’ ಪತ್ರಿಕೆಯ ಸಂಪಾದಕನಾಗಿ ಹತ್ತಾರು ವರ್ಷ ಉತ್ತರ ಇಂಗ್ಲೆಂಡಿನ ದುಡಿಯುವ ಜನಕ್ಕೆ ಓದಲು ಕೊಟ್ಟ. ಸಣ್ಣ ಪತ್ರಿಕೆಯ ಆಯುಸ್ಸನ್ನು ಸಂಚಿಕೆಗಳನ್ನು ಎಣಿಸಿ ಅಳೆಯಬಾರದು.

ಇಲ್ಲಿ ಒಂದು ಮಾತು ಮುಚ್ಚಿಡದೆ ಹೇಳಬೇಕು. ಲಿಂಟನ್ ಸಮಾಜವಾದಿಯಲ್ಲ. ‘ರೆಡ್ ರಿಪಬ್ಲಿಕನ್’ ಪತ್ರಿಕೆಯಲ್ಲಿ 1850ರಲ್ಲಿ ಕಮ್ಯೂನಿಸ್ಟ್ ಪ್ರಣಾಳಿಕೆಯ ಮೊದಲ ಇಂಗ್ಲಿಷ್ ಅನುವಾದ ಬಂತು. ಅದೇ ಪತ್ರಿಕೆಯಲ್ಲಿ ಅದೇ ವರ್ಷ ಲಿಂಟನ್ ಮಾಜಿನಿಯ ತತ್ವಗಳನ್ನು ಕುರಿತು ಬರೆದ. ರಾಜ ಹೋಗಬೇಕು, ಪ್ರಜೆ ಆಳಬೇಕು, ಭೂಮಿ ರಾಷ್ಟ್ರದ ಸೊತ್ತಾಗಬೇಕು ಎಂಬಲ್ಲಿಗೆ ಆತನ ಬೇಡಿಕೆ ನಿಲ್ಲುತ್ತಿತ್ತು. ಗಿರಣಿಯೂ ಗಣಿಯೂ ಎಲ್ಲರ ಒಡೆತನಕ್ಕೆ ಬರಬೇಕೆಂಬ ವಾದವನ್ನು ಆತ ಒಪ್ಪಲಿಲ್ಲ. ಹಾಗಿದ್ದರೂ 1871ರಲ್ಲಿ ಪ್ಯಾರಿಸ್ಸಿನ ಕೂಲಿಕಾರರು ಕಮ್ಯೂನ್ ಕಟ್ಟಿ ಸಾವಿರಾರು ಸಂಖ್ಯೆಯಲ್ಲಿ ಸತ್ತಾಗ, ಅಮೆರಿಕದ ದೊಡ್ಡ ಪತ್ರಿಕೆಯೊಂದು ಅವರ ಮೇಲೆ ಕೆಸರೆರಚಿದಾಗ, ಅದಕ್ಕೆ ಉತ್ತರವಾಗಿ ಪುಸ್ತಿಕೆ ಬರೆದವನು ಇದೇ ಲಿಂಟನ್. ಮತಭೇದವಿದ್ದರೂ ಬಿದ್ದವರ ಮೇಲೆ ಕಲ್ಲೆಸೆಯುವವರ ಸಾಲಿಗೆ ಆತ ಸೇರಲಿಲ್ಲ.

ಪತ್ರಿಕೆ ನಿಂತ ಮೇಲೆ ಆತ ಪೂರ್ತಿಯಾಗಿ ಉಳಿಗೆ ಮರಳಿದ. 1857ರಲ್ಲಿ ಹೊರಬಂದ ಕವಿ ಟೆನಿಸನ್ನನ ಸಚಿತ್ರ ಸಂಪುಟದಲ್ಲಿ ಆತನ ಕೆತ್ತನೆಗಳಿವೆ. 1858ರಲ್ಲಿ ಎಲೈಝಾ ಲಿನ್ ಎಂಬ ಲೇಖಕಿಯನ್ನು ಆತ ಎರಡನೆಯ ಮದುವೆಯಾದ. 1864ರಲ್ಲಿ ಆಕೆ ಸರೋವರ ಸೀಮೆಯ ಬಗ್ಗೆ ಬರೆದ ಪುಸ್ತಕಕ್ಕೆ ಚಿತ್ರ ಬರೆದವನೂ ಆತನೇ, ಕೆತ್ತಿದವನೂ ಆತನೇ. ಬೆಟ್ಟ, ಮೋಡ, ನೀರು, ಕಲ್ಲು; ಅವನ್ನು ಬರೆದ ಕೈಗೂ ಕೊರೆದ ಕೈಗೂ ನಡುವೆ ಯಜಮಾನನಿಲ್ಲ, ಹಂಚಿಕೆಯಿಲ್ಲ.

1859ರಲ್ಲಿ ಹದಿಮೂರು ವರ್ಷದ ಬಾಲಕನೊಬ್ಬ ಆತನ ಅಂಗಡಿಗೆ ಕೆಲಸ ಕಲಿಯಲು ಬಂದ. ಹೆಸರು ವಾಲ್ಟರ್ ಕ್ರೇನ್. ಶಿಷ್ಯನಾಗಿ ಸೇರಲು ಗುರುವಿಗೆ ಹಣ ಕಟ್ಟುವುದು ಆಗಿನ ಪದ್ಧತಿ. ಹುಡುಗನ ಚಿತ್ರಗಳನ್ನು ಕಂಡ ಲಿಂಟನ್ ಆ ಹಣ ಕೇಳದೆ ಮೂರು ವರ್ಷಕ್ಕೆ ಸೇರಿಸಿಕೊಂಡ. ಕ್ರೇನ್ ಮುಂದೆ ಮಕ್ಕಳ ಪುಸ್ತಕಗಳ ದೊಡ್ಡ ಚಿತ್ರಕಾರನಾದ, ಸಮಾಜವಾದಿಯೂ ಆದ. 1891ರ ಮೇ ದಿನಕ್ಕಾಗಿ ಆತ ರಚಿಸಿದ ‘ದುಡಿಮೆಯ ವಿಜಯ’ ಎಂಬ ಚಿತ್ರದಲ್ಲಿ ರೈತರು, ಕೂಲಿಕಾರರು, ಹೆಂಗಸರು, ಮಕ್ಕಳು ಬಾವುಟ ಹಿಡಿದು ಮೆರವಣಿಗೆ ಹೊರಟಿದ್ದಾರೆ. ಅದೂ ಮರದಲ್ಲಿ ಕೊರೆದ ಚಿತ್ರವೇ. ಇದೇ ಕ್ರೇನ್ 1906-07ರ ಚಳಿಗಾಲದಲ್ಲಿ ಭಾರತವನ್ನು ಸುತ್ತಿ, ಆ ಬಗ್ಗೆ ಸಚಿತ್ರ ಪುಸ್ತಕವನ್ನೂ ಬರೆದ. ಗುರು ಮುಟ್ಟದೆ ಬಿಟ್ಟ ಗೆರೆಯನ್ನು ಶಿಷ್ಯ ಎಳೆದ.

ಹಣದ ಮುಗ್ಗಟ್ಟು ಲಿಂಟನ್ನನನ್ನು ಬಿಡಲಿಲ್ಲ. 1866ರ ಕೊನೆಗೆ ಆತ ಅಮೆರಿಕಕ್ಕೆ ಹೊರಟ. ಹೆಂಡತಿ ಇಂಗ್ಲೆಂಡಿನಲ್ಲಿಯೇ ಉಳಿದಳು. ಕಾಗದಗಳಲ್ಲಿ ಮಾತ್ರ ಅವರ ಸ್ನೇಹ ಕೊನೆಯವರೆಗೂ ಬಾಳಿತು. ಬ್ರ್ಯಾಂಟ್‌ವುಡ್ ಮನೆಯನ್ನು 1871ರಲ್ಲಿ ಜಾನ್ ರಸ್ಕಿನ್ 1,500 ಪೌಂಡಿಗೆ ಕೊಂಡ. ಗಾಂಧೀಜಿಯವರು ‘ಸರ್ವೋದಯ’ ಎಂದು ಗುಜರಾತಿಗೆ ಇಳಿಸಿದ ಪುಸ್ತಕವನ್ನು ಬರೆದ ರಸ್ಕಿನ್ ಈತನೇ. ಇಂದು ಆ ಮನೆಯನ್ನು ಲೋಕ ರಸ್ಕಿನ್ನನ ಮನೆಯೆಂದೇ ಬಲ್ಲುದು.

ಅಮೆರಿಕದಲ್ಲಿ ಆತ ನ್ಯೂಯಾರ್ಕಿನ ಕೂಪರ್ ಸಂಸ್ಥೆಯಲ್ಲಿ ಹೆಣ್ಣುಮಕ್ಕಳಿಗೆ ಕೆತ್ತನೆ ಕಲಿಸಿದ. ನ್ಯೂ ಹೇವನ್ ಊರಿನ ಬಳಿ ಮನೆ ಮಾಡಿ, ಅಲ್ಲಿಯೂ ಒಂದು ಸಣ್ಣ ಅಚ್ಚಿನ ಯಂತ್ರ ಇಟ್ಟುಕೊಂಡ. ಆ ವೇಳೆಗೆ ಚಿತ್ರವನ್ನು ಫೋಟೋ ಮೂಲಕವೇ ಮರದ ಮೇಲೆ ಇಳಿಸುವ ಪದ್ಧತಿ ಬಂದಿತ್ತು. ತಿಮೊಥಿ ಕೋಲ್ ಮೊದಲಾದ ಹೊಸ ಪೀಳಿಗೆಯ ಕೆತ್ತನೆಗಾರರು ಆ ಫೋಟೋವನ್ನೇ ಚುಕ್ಕೆ ಚುಕ್ಕೆಯಾಗಿ ಅನುಕರಿಸಿ, ಕುಂಚದ ಒರಟನ್ನೂ ಬಿಡದೆ ಮರದಲ್ಲಿ ಮೂಡಿಸುತ್ತಿದ್ದರು. ಕೈಚಳಕ ಅದ್ಭುತ. ಆದರೆ 1879ರಲ್ಲಿ ಲಿಂಟನ್ ಅದರ ಮೇಲೆ ಕಟುವಾಗಿ ಬರೆದ. ಆತನ ವಾದದ ಸಾರ ಇಷ್ಟು: ಬ್ಯೂಯಿಕ್ ಕೊಟ್ಟ ಬಿಳಿಗೆರೆ ಕೆತ್ತನೆಗಾರನ ಸ್ವಂತ ಮಾತು, ಎಲ್ಲಿ ಗೆರೆ ಬೇಕು, ಎಲ್ಲಿ ಬೇಡ ಎಂದು ಯೋಚಿಸುವವನು ಆತನೇ ಆಗಿರಬೇಕು, ಯೋಚನೆಯಿಲ್ಲದೆ ನಕಲು ಮಾಡುವ ಕೈ ಯಂತ್ರಕ್ಕೆ ಸಮ. ಹೊಸಬರು ಕೆರಳಿದರು. ಈ ಮುದುಕ ಕಾಲದ ಹಿಂದೆ ಉಳಿದವನೆಂದರು.

ಕಾಲ ತೀರ್ಪು ಕೊಟ್ಟಿತು. ಕೈ ಯಂತ್ರದಂತೆ ದುಡಿಯುವುದಾದರೆ ನಿಜವಾದ ಯಂತ್ರ ಅದಕ್ಕಿಂತ ಅಗ್ಗ. ಚಿತ್ರವನ್ನು ಸಣ್ಣ ಸಣ್ಣ ಚುಕ್ಕೆಗಳಾಗಿ ಒಡೆದು ಲೋಹದ ಮೇಲೆ ತಾನಾಗಿ ಮೂಡಿಸುವ ಹಾಫ್‌ಟೋನ್ ಬ್ಲಾಕು 1880ರ ದಶಕದಲ್ಲಿ ಬಂತು. ಹತ್ತು ಹದಿನೈದು ವರ್ಷಗಳಲ್ಲಿ ಪತ್ರಿಕೆಗಳಿಂದ ಮರಗೆತ್ತನೆಯನ್ನು ಹೆಚ್ಚುಕಡಿಮೆ ಗುಡಿಸಿಹಾಕಿತು. ಲಿಂಟನ್ನನ ಬಿಳಿಗೆರೆಯೂ ಉಳಿಯಲಿಲ್ಲ, ಕೋಲನ ಸಂಗಡಿಗರ ಚುಕ್ಕೆಗಳೂ ಉಳಿಯಲಿಲ್ಲ. ಇದರಲ್ಲಿ ನಮಗೆ ಪಾಠವಿದೆ. ಲಿಂಟನ್ನನ ವಾದ ಹೆಚ್ಚಾಗಿ ಕಲೆಯ ಗುಣದ ಸುತ್ತ ತಿರುಗಿತು. ಯಂತ್ರ ಯಾರ ಕೈಯಲ್ಲಿರಬೇಕು, ಅದರಿಂದ ಉಳಿದ ಹೊತ್ತು ಯಾರ ಪಾಲಿಗೆ ಬರಬೇಕು ಎಂಬ ಪ್ರಶ್ನೆಗೆ ಕಲೆಯ ಗುಣದಿಂದ ಉತ್ತರ ಸಿಗುವುದಿಲ್ಲ. ಯಂತ್ರ ಬರುವುದು ತಪ್ಪಲ್ಲ. ಇಪ್ಪತ್ತು ವರ್ಷ ಕಲಿತ ಕೈಯನ್ನು ಒಂದು ಮಾತೂ ಕೇಳದೆ ಬೀದಿಗೆ ಬಿಡುವುದು ತಪ್ಪು.

ಆದರೆ ಆ ಮುದುಕ ಸುಮ್ಮನೆ ಗೊಣಗುತ್ತ ಕೂರಲಿಲ್ಲ. ತನ್ನ ಯೌವನದ ಗುರು, ಬಡ ಪ್ರಕಾಶಕ ಜೇಮ್ಸ್ ವಾಟ್ಸನ್ನನ ಚರಿತ್ರೆಯನ್ನು 1879ರಲ್ಲಿ ಬರೆದು ತನ್ನ ಯಂತ್ರದಲ್ಲಿಯೇ ಅಚ್ಚು ಹಾಕಿದ. 1882ರಲ್ಲಿ ಅಮೆರಿಕದ ಮರಗೆತ್ತನೆಯ ಇತಿಹಾಸ ಬರೆದ. ಅದರಲ್ಲಿ ಕೆತ್ತನೆಗಾರರನ್ನು ಹೆಸರು ಹಿಡಿದು ಕರೆದು, ಯಾರ ಕೈ ಎಂಥದೆಂದು ವಿವರಿಸಿದ. ತಾನು ಜಗಳವಾಡಿದ ಹೊಸಬರ ಹೆಸರುಗಳನ್ನೂ ಬಿಡಲಿಲ್ಲ. ಆಮೇಲೆ ಕಸುಬಿನ ಹಿರಿಯರ ಬಗ್ಗೆ ದೊಡ್ಡ ಗ್ರಂಥವನ್ನೇ ರಚಿಸಿದ. ಅದಕ್ಕಾಗಿ ಮುಪ್ಪಿನಲ್ಲಿ ಎರಡು ಸಲ ಕಡಲು ದಾಟಿ ಇಂಗ್ಲೆಂಡಿಗೆ ಹೋಗಿಬಂದ. ಕಸುಬು ಸಾಯುತ್ತಿದ್ದಾಗ ಅದರ ಹೆಸರುಪಟ್ಟಿಯನ್ನು ಉಳಿಸಿದವನು ಆತ. ಯಾವ ದುಡಿಮೆಯ ಮೂಲೆಯಲ್ಲಿ ಯಜಮಾನನ ಹೆಸರಷ್ಟೇ ಬೀಳುತ್ತಿತ್ತೋ ಆ ದುಡಿಮೆಯ ಜನರ ಹೆಸರುಗಳು ಪುಸ್ತಕಕ್ಕೆ ಏರಿದವು. 1897ರ ಡಿಸೆಂಬರ್ 29ರಂದು ಆತ ನ್ಯೂ ಹೇವನ್ನಿನಲ್ಲಿ ಕಣ್ಮುಚ್ಚಿದ.

ಬಂಧುಗಳೆ, ಇದರಿಂದ ನಾವು ಮಾಡಬೇಕಾದದ್ದು ಬಹಳ ದೊಡ್ಡದೇನಲ್ಲ. ನಮ್ಮ ಊರುಗಳಲ್ಲಿ ಮಗ್ಗ ನೇಯ್ದವರು, ಬಣ್ಣ ಕಾಯಿಸಿದವರು, ಮೊಳೆ ಜೋಡಿಸಿದವರು, ಜಿನ್ನಿಂಗ್ ಕಾರಖಾನೆಯಲ್ಲಿ ಹತ್ತಿಯ ಧೂಳು ಕುಡಿದವರು ಇದ್ದಾರೆ. ಅನೇಕ ಗಿರಣಿಗಳು ಮುಚ್ಚಿಹೋದವು. ಮಾಲೀಕರ ಹೆಸರು ಬೀದಿಗಳಿಗೂ ಛತ್ರಗಳಿಗೂ ಉಳಿದಿದೆ. ದುಡಿದವರ ಹೆಸರು ಹಾಜರಿ ಪುಸ್ತಕದ ಜೊತೆಗೆ ಗೆದ್ದಲಿಗೆ ಹೋಗುತ್ತಿದೆ. ಯಾರು ಯಾವ ಖಾತೆಯಲ್ಲಿ ದುಡಿದರು, ಯಾವ ಮುಷ್ಕರದಲ್ಲಿ ಎಷ್ಟು ದಿನ ಹೊರಗಿದ್ದರು, ಯಾವ ಅಂಗಡಿಯವರು ಆ ದಿನಗಳಲ್ಲಿ ಉದ್ರಿ ಕೊಟ್ಟು ಒಲೆ ಆರದಂತೆ ನೋಡಿಕೊಂಡರು, ಇವನ್ನೆಲ್ಲ ಬಲ್ಲ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಒಂದು ಎರಡು ಆಣೆಯ ನೋಟುಬುಕ್ಕಿನ ಕಾಲ ಹೋಗಿರಬಹುದು. ಕೇಳಿ ಬರೆದುಕೊಳ್ಳುವ ಕೈ ಹೋಗಿಲ್ಲ. ಆ ಕೆಲಸವನ್ನು ಈ ವಾರವೇ ಆರಂಭಿಸೋಣ. ಬರೆದದ್ದನ್ನು ಈ ಪತ್ರಿಕೆಗೆ ಕಳಿಸಿರಿ.